ಇಳಿಯೋರು ಇಳೀರಿ, ಉಳಿಯೋರು ತಿನ್ರೀ

ಅರಸೀಕೆರೆಯಲ್ಲಿ ಒಂದು ಮ್ಯೂಸಿಯಂ ಇದೆ ಎಂದರೆ ಮೊದಲು ನಗುತ್ತಿದ್ದವರು ಅರಸೀಕೆರೆಯವರೇ. “ಅದೆಲ್ಲಾ ಬೇಲೂರು ಹಳೇಬೀಡಲ್ಲಿ ಕಣ್ರೀ. ಇಲ್ಲೇನೈತೆ? ರೈಲು, ಕೊಬ್ಬರಿ, ಅಷ್ಟೇಯ” ಎನ್ನುತ್ತಿದ್ದರು. ನಾನು ಅಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಟೋದವರಿಗೆ ಮ್ಯೂಸಿಯಂ ಎಂದರೆ ಎಲ್ಲಿ ಅಂತಲೇ ತಿಳಿಯುತ್ತಿರಲಿಲ್ಲ. ಸ್ಟೇಷನ್ ಹಿಂದಿನ ಹಳೇ ಬಂಗಲೆ, ದೊಡ್ಡ ಹುಣಸೇಮರದ ಕಾಂಪೌಂಡು ಎಂದರೆ ಮಾತ್ರ ಸೀದಾ ತಂದು ಬಿಡುತ್ತಿದ್ದರು.

ಆ ಬಂಗಲೆಯ ಕೋಣೆಗಳಲ್ಲಿ ಊರಿನ ಚರಿತ್ರೆಯನ್ನು ಜೋಡಿಸಿಟ್ಟಿದ್ದೆವು. ಮುಂದಿನ ಹಜಾರದಲ್ಲಿ ಹೊಲಗದ್ದೆಗಳಲ್ಲಿ ಸಿಕ್ಕ ವೀರಗಲ್ಲುಗಳು. ಅದರ ಪಕ್ಕದಲ್ಲಿ ಕೊಬ್ಬರಿ ಮಂಡಿಯ ತಕ್ಕಡಿ, ಕಾಯಿ ಸುಲಿಯುವ ಹಳೇ ಸಲಾಕೆಗಳು. ಕೊನೆಯ ಕೋಣೆ ರೈಲಿನದು: ಕೆಂಪು ಹಸಿರು ಬಾವುಟ, ಎಣ್ಣೆ ಲಾಟೀನು, ಹಿತ್ತಾಳೆಯ ಗಂಟೆ. ನಾನು ಬೇಲೂರಿನವಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹಳೇಬೀಡು, ಜಾವಗಲ್ ದಾಟಿ ಬರುತ್ತಿದ್ದೆ. ಬಸ್ಸಿನಲ್ಲಿ ಪರಿಚಯವಾದವರು ಬಾಯಿಬಿಟ್ಟೇ ಕೇಳುತ್ತಿದ್ದರು: “ಅಲ್ರೀ, ಪ್ರಪಂಚವೆಲ್ಲಾ ಆ ಕಡೀಕೆ ಹಳೇದು ನೋಡೋಕೆ ಹೋದ್ರೆ ನೀವು ಈ ಕಡೀಕೆ ಬತ್ತೀರಲ್ಲ?”

ನಮ್ಮ ತಂದೆ ಬೇಲೂರು ದೇವಸ್ಥಾನದಲ್ಲಿ ಗೈಡ್ ಆಗಿದ್ದವರು. ಕಲ್ಲಿನ ಮದನಿಕೆಯರ ಮುಂದೆ ನಿಂತು ಹಲವು ಭಾಷೆಗಳಲ್ಲಿ ವಿವರಿಸಿ ನಮ್ಮನ್ನೆಲ್ಲಾ ಓದಿಸಿದವರು. ಮಗಳು ಮ್ಯೂಸಿಯಂ ಸೇರಿದಳು ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ಆದರೆ ಅಲ್ಲಿ ಹೊಯ್ಸಳರ ಒಂದು ಒಳ್ಳೆಯ ವಿಗ್ರಹವೂ ಇಲ್ಲವೆಂದು ಕೊರಗು. “ಲಾಟೀನು ನೋಡೋಕೆ ಯಾರಮ್ಮ ಬರ್ತಾರೆ?” ಎಂದು ಆಗಾಗ ಕೇಳುತ್ತಿದ್ದರು.

ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೈಲು ತಡವಾದ ಪ್ರಯಾಣಿಕರು. ವೀರಗಲ್ಲಿನ ಕೆಳಗೆ ಬ್ಯಾಗಿಟ್ಟು, ಫ್ಯಾನಿನಡಿ ಕೂತು, ಫೋನ್ ಚಾರ್ಜಿಗೆ ಹಾಕಲು ಜಾಗ ಹುಡುಕುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ. ಚಾರ್ಜ್ ಆಗುವವರೆಗೆ ಬನ್ನಿ ಎಂದು ಕರೆದುಕೊಂಡು ಹೋಗಿ ಒಂದು ಸುತ್ತು ತೋರಿಸಿಯೇ ಬಿಡುತ್ತಿದ್ದೆ.

ಮ್ಯೂಸಿಯಂ ಸಮಿತಿಯ ಅಧ್ಯಕ್ಷರು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕೊಡೆ. ಒಂದು ದಿನ ಅದನ್ನು ಬಾಗಿಲ ಮೂಲೆಗೆ ಒರಗಿಸಿ ಎದುರಿಗೆ ಕೂತರು.

“ವಾರ್ಷಿಕೋತ್ಸವ ಬರ್ತಾ ಇದೆ. ಊರಿನ ಜನ ಒಳಗೆ ಬರೋ ಹಾಗೆ ಏನಾದ್ರೂ ಮಾಡಮ್ಮ.”

“ಹೋದ ವರ್ಷದ ಹಾಗೆ ಉಪನ್ಯಾಸ ಇಡೋಣವಾ ಸಾರ್?”

“ಬೇಡ, ಬೇಡ. ಉಪನ್ಯಾಸ ಮಾಡಿದವನು ನಾನೇ ಅಲ್ವಾ? ಕೇಳೋಕೆ ಬಂದವರಿಗಿಂತ ಶಾಲು ಹೊದೆಸಿಕೊಳ್ಳೋಕೆ ಬಂದವರೇ ಜಾಸ್ತಿ ಇದ್ರು.”

ಏನು ಮಾಡುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗಲೇ ಒಬ್ಬ ಹೆಂಗಸು ಬಂದರು. ಹುಬ್ಬಳ್ಳಿಗೆ ಮದುವೆಯಾಗಿ ಹೋದ ಅರಸೀಕೆರೆಯ ಮಗಳು. ತವರಿಗೆ ಬಂದವರು ರೈಲಿಗೆ ಇನ್ನೂ ಹೊತ್ತಿದೆಯೆಂದು ಒಳಗೆ ಬಂದಿದ್ದರು. ರೈಲಿನ ಕೋಣೆಯಲ್ಲಿ ಎಲ್ಲವನ್ನೂ ನಿಧಾನವಾಗಿ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

“ಎಲ್ಲಾ ಚೆನ್ನಾಗೈತೆ ಕಣ್ರೀ. ಆದ್ರೆ ಸದ್ದೇ ಇಲ್ವಲ್ಲ. ಇದು ನಮ್ಮ ಸ್ಟೇಷನ್ ಅನ್ಸಲ್ಲ.”

“ರೈಲಿನ ಸದ್ದಾ?”

“ರೈಲಿನ ಸದ್ದು ಎಲ್ಲಾ ಊರಲ್ಲೂ ಒಂದೇಯ. ನಾನು ಹೇಳ್ತಿರೋದು ವಡೆ ಮಾರೋರ ಕೂಗು. ‘ಇಳಿಯೋರ್ ಇಳೀರೀ, ಉಳಿಯೋರ್ ತಿನ್ರೀ’ ಅಂತ. ಅದು ಕೇಳಿಸ್ತು ಅಂದ್ರೆ ನಿದ್ದೆಗಣ್ಣಲ್ಲೂ ಅರಸೀಕೆರೆ ಬಂತು ಅಂತ ಗೊತ್ತಾಗೋದು. ನಮ್ಮಪ್ಪ ಬೆಂಗಳೂರಿಂದ ಬರುವಾಗ ಆ ಕೂಗಿಗೇ ಎದ್ದು ಇಳೀತಿದ್ರು.”

ಆಕೆ ಹೋದ ಮೇಲೆ ನಾನು ಬಹಳ ಹೊತ್ತು ಆ ಕೋಣೆಯಲ್ಲಿ ಕೂತಿದ್ದೆ. ಅವರ ಮಾತು ನಿಜವಾಗಿತ್ತು. ಈ ಊರು ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಸಿಗುವ ಊರು. ಕೊಬ್ಬರಿ ಹರಾಜಿನ ಕೂಗು, ಬಸ್‌ಸ್ಟ್ಯಾಂಡಿನ ಕೂಗು, ಪ್ಲಾಟ್‌ಫಾರಮ್ಮಿನ ಕೂಗು. ಹರಾಜು ಈಗ ಕಂಪ್ಯೂಟರಿಗೆ ಹೋಗಿದೆ, ಬಸ್ಸಿಗೆ ಬೋರ್ಡು ಮಿನುಗುತ್ತದೆ, ಸ್ಟೇಷನ್ನಿನಲ್ಲಿ ಮೈಕು ಮಾತಾಡುತ್ತದೆ. ಕೂಗಿದವರು ಮಾತ್ರ ಇನ್ನೂ ಇಲ್ಲೇ ಇದ್ದಾರೆ. ಅವರನ್ನೆಲ್ಲಾ ಹುಣಸೇಮರದ ಕೆಳಗೆ ಕರೆದು ಕೂಗಿಸಿದರೆ?

ಅಧ್ಯಕ್ಷರಿಗೆ ಹೇಳಿದೆ. ಕೊಡೆ ಕೈಗೆ ತೆಗೆದುಕೊಂಡರು. ಎದ್ದು ಹೋಗುತ್ತಾರೆ ಅಂದುಕೊಂಡೆ. “ಕೂಗಾಟಕ್ಕೆ ಮ್ಯೂಸಿಯಂ ಬೇಕೇನಮ್ಮ? ಸಂತೆಗೆ ಹೋದ್ರೆ ಆಯ್ತಲ್ಲ” ಎಂದರು. ಬಾಗಿಲವರೆಗೆ ಹೋಗಿ ನಿಂತರು. “ಕೊಬ್ಬರಿ ಹರಾಜು ಕೂಗ್ತಿದ್ದ ಗೌಡರು ನಮ್ಮ ಪಕ್ಕದ ಬೀದಿಯೋರು. ಬೇಕಾದ್ರೆ ನಾನು ಮಾತಾಡ್ತೀನಿ” ಎಂದು ಹೇಳಿ ಹೊರಟರು. ಅದೇ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ವಡೆಯವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಸ್ಟೇಷನ್ ಎದುರಿನ ಹೂವಿನವಳನ್ನು ಕೇಳಿದರೆ, “ವಡೆ ತಾತನಾ? ಹಿಂದ್ಗಡೆ ಗಲ್ಲೀಲಿ, ಸಂಪಿಗೆ ಗಿಡದ ಮನೆ” ಎಂದಳು. ಬಾಗಿಲಲ್ಲಿ ಬೆಳ್ಳಗೆ ಮೀಸೆ ಬಿಟ್ಟ, ಇಸ್ತ್ರಿ ಮಾಡಿದ ಅಂಗಿಯ ಮುದುಕರೊಬ್ಬರು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ನಕ್ಕು ಏನೋ ಹೇಳಿದರು. ನನಗೆ ಕೇಳಿಸಿದ್ದು ಬರೀ ಗಾಳಿ.

ಒಳಗಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. ಸಣ್ಣ ಆಳು, ಹಣೆಯ ತುಂಬಾ ಕುಂಕುಮ, ಕೈಯಲ್ಲಿ ನೆನೆದ ಕಡಲೆಬೇಳೆಯ ವಾಸನೆ. “‘ಬಾರವ್ವ ಕೂತ್ಕೋ’ ಅಂತವ್ರೆ. ದನಿ ಇಲ್ಲ ಅವ್ರಿಗೆ. ಗಂಟಲಲ್ಲಿ ಗಂಟಾಗಿತ್ತು, ಆಪರೇಷನ್ ಮಾಡಿ ತೆಗೆದ್ರು. ಈಗ ಏನೂ ತೊಂದ್ರೆ ಇಲ್ಲ, ಉಣ್ತಾರೆ, ವಾಕಿಂಗ್ ಹೋಯ್ತಾರೆ, ಇಸ್ಪೀಟ್ ಆಡ್ತಾರೆ. ದನಿ ಒಂದು ಹೋಯ್ತು. ಮನೇಲಿ ಈಗ ನಂದೇ ರಾಜ್ಯ.”

ತಾತ ಗಾಳಿಯಲ್ಲೇ ಏನೋ ಅಂದರು. ತುಟಿಯನ್ನೇ ನೋಡುತ್ತಾ ಕೂತರೆ ಅರ್ಧ ತಿಳಿಯುತ್ತಿತ್ತು. “ಮೊದ್ಲೂ ಅವಳ್ದೇ ರಾಜ್ಯ” ಅಂದಿದ್ದರು.

ಕೂಗಲು ಕರೆಯಲು ಬಂದವಳು ನಾನು. ಕೂಗಲಾಗದವರ ಮುಂದೆ ಕೂತಿದ್ದೆ. ಆದರೂ ಬಂದ ವಿಷಯ ಹೇಳಿದೆ. ಹುಬ್ಬಳ್ಳಿಯ ಹೆಂಗಸಿನ ಮಾತನ್ನೂ ಹೇಳಿದೆ. ಅವರ ಕೂಗಿಗೆ ಒಬ್ಬರು ಎದ್ದು ಇಳಿಯುತ್ತಿದ್ದರಂತೆ ಎಂದಾಗ ತಾತನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ ಎರಡು ಮಾತು ಪಿಸುಗುಟ್ಟಿದರು.

ಅಜ್ಜಿ ಅದನ್ನು ನನಗೆ ಹೀಗೆ ದಾಟಿಸಿದರು: “ನಾನು ಬತ್ತೀನಿ, ಮುಂದ್ಗಡೆ ಕೂರಲ್ಲ, ಹಿಂದೆ ಕೂತು ನೋಡ್ತೀನಿ, ಆ ಹರಾಜು ಗೌಡಪ್ಪನ ಗಂಟಲು ಈಗ ಹೆಂಗೈತೆ ಕೇಳ್ಬೇಕು, ಊರಿಗೆಲ್ಲಾ ನಾನೇ ಗಟ್ಟಿಗ ಅಂತ ಮೆರೀತಿದ್ದ, ಅಂತವ್ರೆ.”

“ಅಷ್ಟೆಲ್ಲಾ ಹೇಳಿದ್ರಾ ಅಜ್ಜಿ?”

“ಅವ್ರು ಹೇಳಿದ್ದು ‘ನೋಡಾಕೆ ಬತ್ತೀನಿ’ ಅಂತ. ಮಿಕ್ಕಿದ್ದು ನಂಗೆ ಗೊತ್ತಲ್ಲವ್ವ” ಎಂದು ವಡೆಯ ತಟ್ಟೆ ಮುಂದಿಟ್ಟರು. ಅವರಿನ್ನೂ ನಾಮಕರಣ, ಗೃಹಪ್ರವೇಶಗಳಿಗೆ ವಡೆ ಮಾಡಿಕೊಡುತ್ತಿದ್ದರು. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಧ್ಯೆ ಮಧ್ಯೆ ಹಲ್ಲಿಗೆ ಸಿಗುವ ಕೊಬ್ಬರಿ ಚೂರು. ಬಸ್ಸು ತಪ್ಪುವವರೆಗೂ ಕೂತು ತಿಂದೆ.

ವಾರ್ಷಿಕೋತ್ಸವದ ಭಾನುವಾರ ಸಂಜೆಬಿಸಿಲಿನಲ್ಲಿ ನಮ್ಮ ಕಾಂಪೌಂಡು ತುಂಬಿದ್ದನ್ನು ನಾನು ಮರೆಯಲಾರೆ. ಹೋದ ವರ್ಷ ಉಪನ್ಯಾಸಕ್ಕೆಂದು ತಂದಿದ್ದ ಕುರ್ಚಿಗಳು ಸಾಲದೆ ಜನ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಕಾಂಪೌಂಡಿನ ಗೋಡೆಯ ಮೇಲೆ ಕೂತರು. ಪೋಸ್ಟರಿನಲ್ಲಿ ನಾನು “ಊರಿನ ಕೂಗು: ನೀವೂ ಬನ್ನಿ, ಕೂಗಿ” ಎಂದು ಬರೆಸಿದ್ದೆ. ಅದನ್ನು ಊರು ಅಕ್ಷರಶಃ ತೆಗೆದುಕೊಂಡಿತ್ತು. ಗೇಟಿನಲ್ಲೇ ಕೂಗಾಟ ಶುರುವಾಗಿತ್ತು.

ಮೊದಲಿಗೆ ನಿವೃತ್ತ ಬಸ್ ಕಂಡಕ್ಟರು. ಮನೆಯಲ್ಲಿ ಇಟ್ಟಿದ್ದ ಖಾಕಿ ಅಂಗಿಯನ್ನೇ ಹಾಕಿಕೊಂಡು ಬಂದಿದ್ದರು. ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಕೂಡುತ್ತಿರಲಿಲ್ಲ. “ಬಾಣಾವರ ಕಡೂರ್ ಬೀರೂರ್ ಬೀರೂರ್ ಬೀರೂರ್!” ಎಂದು ಒಂದೇ ಉಸಿರಿನಲ್ಲಿ ಬಿಟ್ಟರು. ಹಿಂದಿನಿಂದ ಯಾರೋ, “ತರೀಕೆರೆ ಹೋಗಲ್ವೇನಣ್ಣ?” ಎಂದರು. “ಮುಂದ್ಲ ಬಸ್ಸು ನೋಡ್ಕಳಿ!” ಎಂದು ಅವರು ಹಳೆಯ ಅಭ್ಯಾಸದಲ್ಲೇ ಗದರಿದ್ದಕ್ಕೆ ಮರದ ಮೇಲಿನ ಕಾಗೆಗಳೆಲ್ಲಾ ಹಾರಿದವು.

ಹಳೇಬೀಡಿನ ಕಡೆಯಿಂದ, ಮಾದಿಹಳ್ಳಿಯ ಬಳೆಗಾರರೊಬ್ಬರು ಬಂದಿದ್ದರು. ಅವರದು ಕೂಗಿಗಿಂತ ಹಾಡು. “ಬಳೇ ತೊಟ್ಕಳ್ರವ್ವಾ ಬಳೇ” ಎಂದು ಎಳೆದದ್ದೇ ತಡ, ಮುಂದಿನ ಸಾಲಿನ ಹೆಂಗಸರು ಕೈ ಮುಂದೆ ಚಾಚಿಬಿಟ್ಟರು. ಕಾರ್ಯಕ್ರಮ ಕಾಲು ಗಂಟೆ ಅಲ್ಲಿಗೇ ನಿಂತಿತು. ಅವರು ಪೆಟ್ಟಿಗೆಯನ್ನೂ ತಂದಿದ್ದರು.

ಹರಾಜಿನ ಗೌಡರು ಎದ್ದು ನಿಂತು ಮೈಕನ್ನು ಪಕ್ಕಕ್ಕೆ ಸರಿಸಿದರು. ಎಡಗೈಯಲ್ಲಿ ಒಂದು ಕೊಬ್ಬರಿ ಗಿಟುಕು ಹಿಡಿದು ಕೂಗಲು ಶುರುಮಾಡಿದರೆ ದನಿ ಸ್ಟೇಷನ್ನಿಗೆ ಮುಟ್ಟುವಂತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಡೆ ತಾತ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ತಲೆದೂಗುವುದು ಕಾಣಿಸಿತು.

ಆಮೇಲೆ ನಮ್ಮ ತಂದೆ. ಕರೆದಿರಲಿಲ್ಲ, ತಾವೇ ಜರಿಯ ಪಂಚೆ ಉಟ್ಟು ಬೇಲೂರಿನಿಂದ ಬಂದಿದ್ದರು. “ಆಯಿಯೇ, ದೇಖಿಯೇ! ವಾಂಗ, ಪಾರುಂಗ! ಬನ್ನಿ, ನೋಡಿ, ದರ್ಪಣ ಸುಂದರಿ!” ಎಂದು ಚೆನ್ನಾಗಿಯೇ ಶುರುಮಾಡಿದರು. ಚಪ್ಪಾಳೆ ಬಿತ್ತು. ಚಪ್ಪಾಳೆಯೇ ತಪ್ಪಾಯಿತು. ಅಲ್ಲಿಂದ ಮುಂದೆ ಅವರು ವಿಷ್ಣುವರ್ಧನನ ಕಾಲಕ್ಕೆ ಹೋದರು, ಶಾಂತಲೆಯ ನಾಟ್ಯಕ್ಕೆ ಹೋದರು, ನಕ್ಷತ್ರದಾಕಾರದ ಜಗತಿಯನ್ನು ಕೈಯಲ್ಲಿ ಗಾಳಿಯಲ್ಲೇ ಬರೆದರು. ಅಧ್ಯಕ್ಷರು ಗಡಿಯಾರ ನೋಡಿದರು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಕಾಣದವರಂತೆ ಮುಂದುವರಿದರು. ಕೊನೆಗೆ ಕಂಡಕ್ಟರು ಹಿಂದಿನಿಂದ ಸೀಟಿ ಊದಿ, “ಲಾಸ್ಟ್ ಸ್ಟಾಪ್ ಬಂತು ಸಾರ್, ಇಳ್ಕಳಿ!” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ತಂದೆಯೇ.

ಆ ನಗುವಿನ ನಡುವೆಯೇ ಯಾರೋ ಹಿಂದಕ್ಕೆ ತಿರುಗಿ ನೋಡಿದರು. “ಏ, ವಡೆ ತಾತ ಬಂದವ್ರೆ ಕಣ್ರೋ!” ಒಬ್ಬರು ಅಂದದ್ದು ಇಡೀ ಕಾಂಪೌಂಡಿಗೆ ಹರಡಿತು. “ತಾತ, ಒಂದ್ಸಲ! ತಾತ, ಇಳಿಯೋರ್ ಇಳೀರೀ!” ಊರಿನ ಅರ್ಧ ಜನಕ್ಕೆ ಆಪರೇಷನ್ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದ ಅರ್ಧ ಜನ ಸುಮ್ಮನಿರಿ ಎಂದು ಹೇಳಲು ಹೊರಟರೆ ಅವರ ದನಿ ಕೇಳುವವರಿಲ್ಲ. ನಾನು ಮೈಕು ಹಿಡಿದು ಏನಾದರೂ ಹೇಳಬೇಕೆಂದು ಎದ್ದೆ.

ಅಷ್ಟರಲ್ಲಿ ತಾತ ನಿಂತಿದ್ದರು. ಕೈಯೆತ್ತಿ ಎಲ್ಲರಿಗೂ ಮುಗಿದರು. ಗಂಟಲನ್ನು ತೋರಿಸಿ, ಕೈ ಆಡಿಸಿ, ಇಲ್ಲ ಎಂದು ನಕ್ಕರು. ಆದರೂ ಅಷ್ಟು ಜನ ಕೇಳುವಾಗ ಸುಮ್ಮನೆ ಕೂರಲು ಮನಸ್ಸಾಗಲಿಲ್ಲವೇನೋ. ಎದೆಯುಬ್ಬಿಸಿ, ಒಂದು ಕೈಯನ್ನು ಕೆನ್ನೆಗೆ ಆನಿಸಿ, ಬಾಯಿ ತೆರೆದರು. ಬಂದದ್ದು ಗಾಳಿ. ಕಾಲು ಅಲ್ಲಾಡಿಸುತ್ತಾ ಗೋಡೆಯ ಮೇಲೆ ಕೂತವರು ಕಾಲು ನಿಲ್ಲಿಸಿದರು.

ಆಗ ಅವರ ಪಕ್ಕದಲ್ಲಿ ಅಜ್ಜಿ ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. “ಇಳಿಯೋರ್...” ಎಂದು ತೆಗೆದವರು ಅಲ್ಲೇ ನಾಚಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟರು. ಹೆಂಗಸರೆಲ್ಲಾ ನಕ್ಕರು. ತಾತ ಅವರ ತೋಳು ತಟ್ಟಿ ಏನೋ ಪಿಸುಗುಟ್ಟಿದರು.

“ಕೊನೇಲಿ ಎತ್ತಬೇಕಂತೆ! ನಂಗೆ ಗೊತ್ತಿಲ್ವಾ? ಸುಮ್ಕಿರಿ ನೀವು!” ಎಂದು ಅಜ್ಜಿ ಗಂಡನನ್ನು ಗದರಿದರು. ಆ ಗದರಿಕೆಯಲ್ಲೇ ನಾಚಿಕೆ ಹೋಗಿತ್ತು. ಕಣ್ಣು ಮುಚ್ಚಿಕೊಂಡು ಕೂಗಿದರು:

“ಅರಸೀಕೇರೇ... ಇಳಿಯೋರ್ ಇಳೀರೀ, ಉಳಿಯೋರ್ ತಿನ್ರೀ... ವಡೇ... ಬಿಸೀ...”

ಸರಿಯಾಗಿ ಅದೇ ಗಳಿಗೆಗೆ ಸ್ಟೇಷನ್ನಿನಿಂದ ಗೂಡ್ಸ್ ಗಾಡಿ ಹಾರನ್ ಹೊಡೆಯಿತು. ಉದ್ದಕ್ಕೆ, ನಿಲ್ಲದಂತೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ನಿಂತವರ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು, ಗಾಡಿ ಸುಮ್ಮನಾಗುವವರೆಗೆ ಕಾದು, ಮತ್ತೆ ಮೊದಲಿನಿಂದ ತೆಗೆದರು. ಈ ಸಲ ಕೊನೆಯ “ವಡೇ” ಗಾಳಿಪಟದ ಹಾಗೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ನಾನು ಆ ಕೂಗನ್ನು ಅದಕ್ಕೆ ಮೊದಲು ಕೇಳಿದವಳಲ್ಲ. ಆದರೆ ಸುತ್ತ ಕೂತವರ ಮುಖ ನೋಡಿದರೆ ಸಾಕಿತ್ತು. ಕಂಡಕ್ಟರು ಕಣ್ಣೊರೆಸಿಕೊಂಡು, “ಎರಡು ವಡೆ ಕೊಡಮ್ಮೋ!” ಎಂದು ಕಿರುಚಿದರು. ಆಮೇಲೆ ಎಲ್ಲರೂ, “ಇಲ್ಲಿ ನಾಕು!”, “ಇತ್ಲಾಗೆ ಚಟ್ನಿ!” ಎಂದು ರೈಲಿನ ಕಿಟಕಿಯಲ್ಲಿ ಕೈ ಚಾಚಿದವರಂತೆ ಕೂಗತೊಡಗಿದರು. ತಾತ ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದರು.

ಗಲಾಟೆ ತಣ್ಣಗಾದ ಮೇಲೆ ಅಧ್ಯಕ್ಷರು ತಾವೇ ಮೈಕು ತೆಗೆದುಕೊಂಡು ಹಿಂದಿನ ಸಾಲಿಗೆ ನಡೆದರು. “ತಾಯಿ, ಇಷ್ಟು ವರ್ಷ ಕೇಳಿ ಕೇಳಿ ನಿಮಗೂ ಬಾಯಿಪಾಠ ಆಗಿಬಿಟ್ಟಿದೆ ಅಲ್ವಾ?” ಎಂದರು.

“ಬಾಯಿಪಾಠ ಏನ್ ಬಂತು ಸ್ವಾಮಿ? ಪದ ನಂದೇಯ” ಎಂದರು ಅಜ್ಜಿ.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಜ್ಜಿ ಮೈಕಿಗೆ ಬಾಯಿ ತಾಗಿಸಿ ಹೇಳಿದರು.

“ಮದ್ವೆ ಆದ ಹೊಸ್ದ್ರಲ್ಲಿ ಇವ್ರು ಮಾ ನಾಚಿಕೆ ಮನ್ಸ. ಮಂಕ್ರಿ ತುಂಬಾ ವಡೆ ಹೊತ್ಕೊಂಡ್ ಹೋಗೋರು, ಕಂಬದ ಮರೇಲಿ ನಿಂತ್ಕಳೋರು, ರೈಲು ಹೋದ್ಮೇಲೆ ಹಂಗೇ ವಾಪಸ್ ತರೋರು. ದಿನಾ ವಡೆ ತಿಂದೂ ತಿಂದೂ ಸಾಕಾಯ್ತು ನಂಗೆ. ಒಂದಿನ ಕೇಳ್ದೆ, ‘ರೀ, ಅಲ್ಲೇನಂತ ಕೂಗ್ತೀರಿ?’ ಅಂತ. ‘ಏನಂತ ಕೂಗ್ಲಿ, ಎಲ್ರೂ ವಡೆ ವಡೆ ಅಂತಾರೆ’ ಅಂದ್ರು. ‘ಮಲ್ಗಿರೋರು ಏಳೋ ಹಂಗೆ ಕೂಗಿ’ ಅಂದೆ. ಅಕ್ಕಿ ಆರಿಸ್ತಾ ಕೂತಿದ್ದೆ, ಹಂಗೇ ಬಾಯಿಗೆ ಬಂತು. ಇಳಿಯೋರ್ ಇಳೀರಿ, ಉಳಿಯೋರ್ ತಿನ್ರೀ. ಹಿತ್ಲಲ್ಲಿ ನಿಲ್ಲಿಸ್ಕೊಂಡು ಹೇಳ್ಕೊಟ್ಟೆ. ನಾನೇ ರೈಲು, ಇವ್ರೇ ವಡೆಯೋರು.”

“ಹೌದೇನ್ರೀ?” ಎಂದು ಅಧ್ಯಕ್ಷರು ತಾತನನ್ನು ಕೇಳಿದರು.

ತಾತ ಮೈಕಿಗೆ ಬಾಗಿದರು. ಗಾಳಿಯಂಥ ದನಿಯೂ ಮೈಕಿನಲ್ಲಿ ಚೆನ್ನಾಗಿ ಕೇಳಿಸಿತು. “ಹೌದು. ಒಂದ್ ವಾರ ಬೈದು ಬೈದು ಕಲ್ಸಿದ್ಳು.” ಆಮೇಲೆ ಹೆಂಡತಿಯ ಕಡೆ ತಿರುಗಿ, “ಯಾರಿಗೂ ಹೇಳ್ಬೇಡ ಅಂದಿದ್ದೆ” ಎಂದರು.

ಊರಿಗೆ ಊರೇ ಒಬ್ಬ ಗಂಡಸಿನದೆಂದು ತಿಳಿದಿದ್ದ ಕೂಗು ಅದರ ಒಡತಿಯ ಬಾಯಿಂದಲೇ ಬಂದಿತ್ತು. ಹೆಂಗಸರ ಸಾಲಿನಿಂದ ಸಿಳ್ಳೆ ಬಿತ್ತು. ಯಾರು ಹೊಡೆದರೋ ನನಗಿನ್ನೂ ಗೊತ್ತಿಲ್ಲ.

ಮಾರನೆಯ ವಾರ ಅಜ್ಜಿಯ ಕೂಗನ್ನು ರೈಲಿನ ಕೋಣೆಗಾಗಿ ರೆಕಾರ್ಡ್ ಮಾಡಿದೆವು. ಅದೇನು ಸುಲಭವಾಗಲಿಲ್ಲ. ಬರಿಗೈಯಲ್ಲಿ ಕೂಗು ಬರುವುದಿಲ್ಲ, ಕಂಕುಳಲ್ಲಿ ಮಂಕರಿ ಬೇಕು ಎಂದರು. ಮಂಕರಿ ತಂದೆವು. ಖಾಲಿ ಮಂಕರಿಗೆ ಸುಳ್ಳು ಕೂಗು ಕೂಗುವುದು ಹೆಂಗೆ ಎಂದರು. ಮನೆಗೆ ಹೋಗಿ ವಡೆ ಕರಿದು ತಂದರು. ಅದರ ವಾಸನೆಗೆ ನಾಯಿಯೊಂದು ಬಂದು ಬಾಗಿಲಲ್ಲಿ ನಿಂತು ಬೊಗಳಿತು. ಅದನ್ನು ಅಟ್ಟಿ ಬರುವಷ್ಟರಲ್ಲಿ ಅಧ್ಯಕ್ಷರು ಒಂದು ವಡೆ ತಿಂದಿದ್ದರು. ತಾತ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಎಲ್ಲಿ ಎಳೆಯಬೇಕು ಎಲ್ಲಿ ಎತ್ತಬೇಕು ಎಂದು ಕೈಯಲ್ಲೇ ತೋರಿಸುತ್ತಿದ್ದರು. ಅಜ್ಜಿ ಬೇಕೆಂದೇ ಅವರ ಕೈ ಕೆಳಗೆ ಬಂದಾಗ ದನಿ ಎತ್ತುತ್ತಿದ್ದರು.

ಗೋಡೆಗೆ ಒಂದು ಗುಂಡಿ ಕೂರಿಸಿದೆವು. ಒತ್ತಿದರೆ ಅಜ್ಜಿಯ ಕೂಗು. ಈಗ ರೈಲಿಗೆ ಕಾಯುವವರು ಫ್ಯಾನು ಬಿಟ್ಟು ಆ ಕೋಣೆಗೆ ಹೋಗುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಂದು ಸಲ ಕೇಳಿಸುತ್ತದೆ, ಅದು ಅಧ್ಯಕ್ಷರು. ಕೆಲಸ ಮಾಡುತ್ತಾ ಇದೆಯೋ ಇಲ್ಲವೋ ನೋಡಿದೆ ಎನ್ನುತ್ತಾರೆ. ಬೇಲೂರಿನಲ್ಲಿ ನಮ್ಮ ತಂದೆ, “ನನ್ನದೂ ಒಂದು ಗುಂಡಿ ಹಾಕಿಸಮ್ಮ” ಎಂದು ಕೇಳಿದ್ದಾರೆ. ನಿಲ್ಲಿಸುವುದಕ್ಕೆ ಇನ್ನೊಂದು ಗುಂಡಿ ಬೇಕಾಗುತ್ತದೆ ಎಂದಿದ್ದೇನೆ. ಪೇಟೆಯಲ್ಲಿ ತಾತನನ್ನು ಕಂಡವರು ಈಗ “ಅಜ್ಜಿ ಎಲ್ಲಿ?” ಎಂದು ಮೊದಲು ಕೇಳುತ್ತಾರಂತೆ. ತಾತನಿಗೇನೂ ಬೇಸರವಿಲ್ಲ; ಅಜ್ಜಿಯೇ ಸ್ವಲ್ಪ ಬೀಗುತ್ತಿದ್ದಾರೆ ಎಂದು ದೂರುತ್ತಾರೆ.

ಒಂದು ದಿನ ಮಾತಿನ ನಡುವೆ ಅಜ್ಜಿ, ತಾನು ಹಳೇಬೀಡನ್ನೂ ಬೇಲೂರನ್ನೂ ನೋಡಿಲ್ಲ ಎಂದರು. ನನಗೆ ನಂಬಲಾಗಲಿಲ್ಲ. “ದಿನಾ ರೈಲು ಬರೋದವ್ವ. ವಡೆ ಬಿಟ್ಟು ಯಾವಾಗ ಹೋಗೋದು?” ಎಂದರು. ಅಧ್ಯಕ್ಷರಿಗೆ ಹೇಳಿದೆ. ಆ ಸಲ ಅವರು ಕೊಡೆ ತೆಗೆದುಕೊಳ್ಳಲಿಲ್ಲ. ಅಂದು ಕೂಗಿದವರನ್ನೆಲ್ಲಾ ಕರೆದುಕೊಂಡು ಹೋಗೋಣ ಎಂದರು. ಹಾಗೆ ಒಂದು ಮಿನಿ ಬಸ್ಸು ಹೊರಟಿತು. ದಾರಿಯ ಒಂದೊಂದು ಊರಿನ ಹೆಸರನ್ನೂ ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದರು, ಯಾರೂ ಹತ್ತದಿದ್ದರೂ.

ಹಳೇಬೀಡಿನಲ್ಲಿ ನಮ್ಮ ತಂದೆ ಕಾದಿದ್ದರು. ದೇವಸ್ಥಾನದ ಗೋಡೆಯ ಬುಡದಲ್ಲಿ ಸಾಲಾಗಿ ಹೊರಟ ಆನೆಗಳ ಹತ್ತಿರ ಅಜ್ಜಿ ಕುಕ್ಕರುಗಾಲಿನಲ್ಲಿ ಕೂತರು, ಏಳಲೇ ಇಲ್ಲ. ಒಂದೊಂದು ಆನೆಯನ್ನೂ ನೋಡಿ, “ಇದು ತುಂಟ, ಇದಕ್ಕೆ ಸುಸ್ತಾಗೈತೆ, ಇದು ಮುಂದಿನದರ ಬಾಲ ಹಿಡ್ಕೊಂಡೈತೆ” ಎಂದು ತಾತನಿಗೆ ತೋರಿಸಿದರು. ನಮ್ಮ ತಂದೆ ಎಷ್ಟು ಶಿಲ್ಪಿಗಳು ಎಷ್ಟು ತಲೆಮಾರು ಕೆತ್ತಿದರು ಎಂದು ಹೇಳುತ್ತಿದ್ದರು.

“ಸ್ವಾಮಿ, ಅಷ್ಟೊಂದ್ ಜನಕ್ಕೆ ಅಡುಗೆ ಮಾಡಿ ಹಾಕ್ದೋರು ಯಾರು?” ಎಂದು ಅಜ್ಜಿ ಕೇಳಿದರು.

ಇಷ್ಟು ವರ್ಷದಲ್ಲಿ ನಮ್ಮ ತಂದೆಯನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲವಂತೆ. ಮುಖವೆಲ್ಲಾ ನಗುವಾಗಿ, “ಗೊತ್ತಿಲ್ಲಮ್ಮ, ಆದರೆ ಇವತ್ತಿಂದ ನಾನೂ ಎಲ್ಲರನ್ನೂ ಕೇಳ್ತೀನಿ” ಎಂದರು. ಕೇಳುತ್ತಲೂ ಇದ್ದಾರೆ.

ಊಟಕ್ಕೆ ಹುಲಿಕೆರೆಗೆ ಹೋದೆವು. ಅಲ್ಲಿಯ ಹಳೆಯ ಕೊಳಕ್ಕೆ ಸುತ್ತಲೂ ಕಲ್ಲಿನ ಮೆಟ್ಟಿಲು, ಮೆಟ್ಟಿಲುಗಳ ನಡುವೆ ಆಟದ ಸಾಮಾನಿನಂಥ ಪುಟ್ಟ ಪುಟ್ಟ ಗುಡಿಗಳು. ನೋಡಿಕೊಂಡು ಬಂದು ಹೊರಗಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಇಲ್ಲೊಂದು ಸಲ ಕೂಗಿ ಎಂದು ಎಲ್ಲರೂ ಅಜ್ಜಿಯನ್ನು ಬಲವಂತ ಮಾಡಿದರು. “ಇಲ್ಲೆಲ್ಲೈತೆ ರೈಲು? ಸುಮ್ಕೆ ಉಣ್ಣಿ” ಎಂದುಬಿಟ್ಟರು.

ನಮ್ಮ ಗದ್ದಲ ಕೇಳಿ ಪಕ್ಕದ ಹೊಲದಿಂದ ಒಬ್ಬ ಹೆಂಗಸು ಹುಲ್ಲಿನ ಹೊರೆ ಇಳಿಸಿ ಬಂದು ನಿಂತಳು. ಏನು ವಿಶೇಷ ಎಂದು ಕೇಳಿದಳು. ಅಜ್ಜಿ ಅವಳ ಕೈಗೆ ವಡೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು, ಮ್ಯೂಸಿಯಂ, ಗುಂಡಿ, ಕೂಗು ಎಲ್ಲಾ ವಿವರಿಸಿದರು. ಅವಳು ಕೇಳಿ ನಕ್ಕು, “ನಾವು ದನ ಕರೆಯೋದೂ ಆಯ್ತದಾ?” ಎಂದಳು.

“ಕರಿ ನೋಡವ್ವ” ಎಂದರು ಅಜ್ಜಿ.

ಅವಳು ಬಾಯಿ ಒರೆಸಿಕೊಂಡು, ಬಯಲಿನ ಕಡೆ ತಿರುಗಿ, “ಬಾ ಬಾ ಬಾ ಬಾ... ಹೋಯ್... ಬಾರೇ ನನ್ನವ್ವಾ...” ಎಂದು ಕರೆದಳು. ಎಳೆದು, ಮುರಿದು, ಮತ್ತೆ ಎಳೆದು. ಅಜ್ಜಿ ಅದನ್ನೇ ಅನುಕರಿಸಲು ಹೋಗಿ ಮಧ್ಯದಲ್ಲಿ ಸಿಕ್ಕಿಬಿದ್ದರು. “ಅಲ್ಲಿ ಮುರಿಯೋದು ಹೆಂಗವ್ವ? ಇನ್ನೊಂದ್ಸಲ” ಎಂದರು. ಅವಳು ಇನ್ನೊಂದು ಸಲ ಹೇಳಿಕೊಟ್ಟಳು. ಹರಾಜಿನ ಗೌಡರು ಪ್ರಯತ್ನಿಸಿದರು, ಬಳೆಗಾರರು ಪ್ರಯತ್ನಿಸಿದರು, ನಮ್ಮ ತಂದೆಯೂ ಪ್ರಯತ್ನಿಸಿದರು. ನಾನು ಫೋನು ತೆಗೆದು ರೆಕಾರ್ಡ್ ಒತ್ತಿದೆ. ದೂರದ ಬದುವಿನ ಮೇಲೆ ಮೇಯುತ್ತಿದ್ದ ಎರಡು ಹಸುಗಳು ತಲೆಯೆತ್ತಿದವು. ಒಂದು ಸ್ವಲ್ಪ ಯೋಚಿಸಿ, ನಮ್ಮ ಕಡೆಗೆ ನಡೆಯತೊಡಗಿತು.

“ಅಯ್ಯೋ, ಅದು ನಮ್ದಲ್ಲ!” ಎಂದು ಆ ಹೆಂಗಸು ಎದ್ದಳು.